ಮಲೆನಾಡಿನ ವಿಷಕ್ಕೆ ಮಲೆನಾಡಿನ ಮದ್ದು

ಮುಂಗಾರು ಹಿಡಿದು ಗದ್ದೆ ತೋಟಗಳ ಕೆಲಸ ಮೊದಲಾಯಿತೆಂದರೆ ಹಾವು ಕಚ್ಚಿದವರನ್ನು ಹೊತ್ತುಕೊಂಡು ಹಳ್ಳಿಯ ಜನರು ಆಸ್ಪತ್ರೆಗೆ ಓಡಿಬರುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಹೊಸದಲ್ಲವೆಂಬ ಕಾರಣದಿಂದಲೇ ಪಟ್ಟಣಿಗರಾದ ನಾವು ಅದನ್ನು ಸುದ್ದಿಯೆಂದು ಎಣಿಸುವುದನ್ನೂ ಬಿಟ್ಟಿರುವೆವು. ವಿದ್ಯಾನಗರದ ಗಾರೆಯ ಮನೆಯಲ್ಲಿ ಕುಳಿತು ಪತ್ರಿಕೆ ಓದುವವರಿಗೆ ಸರ್ಪಭಯವು ಪುರಾಣದ ಮಾತಾಗಿರಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಗಳಲ್ಲಿ ಬರಿಗಾಲಿನಿಂದ ಅಡಕೆ ಹೆಕ್ಕುವ ಕೂಲಿಯ ಹೆಂಗಸಿಗೆ ಅದು ದಿನದ ಮಾತು. 2020ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರ ವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಎಂದರೆ ವರ್ಷವೊಂದಕ್ಕೆ ಸರಾಸರಿ 58,000 ಮಂದಿ, ಹಾವಿನ ಕಡಿತದಿಂದ ಮೃತರಾದರು. ಇವರಲ್ಲಿ ಹೆಚ್ಚಿನವರು ಹಳ್ಳಿಗರು.

ಹಾಗಾದರೆ ಈ ವಿಷಕ್ಕೆ ಮದ್ದಿಲ್ಲವೆ? ಉಂಟು. ವಿಷಕ್ಕೆ ವಿಷವೇ ಮದ್ದೆಂದು ಹಿರಿಯರು ಹೇಳುತ್ತಿದ್ದ ಮಾತು ಇಲ್ಲಿ ಅಕ್ಷರಶಃ ಸತ್ಯವಾಗಿದೆ. 1890ರಲ್ಲಿ ಬರ್ಲಿನ್ನಿನಲ್ಲಿ ಜರ್ಮನಿಯ ಬೇರಿಂಗ್, ಜಪಾನಿನ ಕಿಟಸಾಟೊ ಎಂಬ ಇಬ್ಬರು ಪಂಡಿತರು, ರೋಗದ ವಿಷವನ್ನು ಪ್ರಾಣಿಗೆ ಅಲ್ಪಾಲ್ಪವಾಗಿ ಕೊಟ್ಟರೆ ಅದರ ರಕ್ತದಲ್ಲಿ ಪ್ರತಿವಿಷವು ಹುಟ್ಟುವುದೆಂದೂ, ಆ ರಕ್ತದ ರಸವು ಮತ್ತೊಂದು ಪ್ರಾಣಿಯನ್ನು ಕಾಯುವುದೆಂದೂ ತೋರಿಸಿಕೊಟ್ಟರು. ಅದೇ ದಶಕದಲ್ಲಿ ಫ್ರಾನ್ಸಿನ ಕಾಲ್ಮೆಟ್ ಎಂಬಾತನು ಈ ತತ್ತ್ವವನ್ನು ನಾಗರ ಹಾವಿನ ವಿಷಕ್ಕೆ ಅನ್ವಯಿಸಿದನು. ನಮ್ಮ ದೇಶದಲ್ಲಿ ಕಸೌಲಿಯ ಸಂಶೋಧನಾಲಯವೂ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯೂ ಈ ಮದ್ದನ್ನು ತಯಾರಿಸಿ ಪ್ರಸಿದ್ಧವಾದವು. ಬಳಿಕ ಖಾಸಗಿ ಕಾರ್ಖಾನೆಗಳೂ ಈ ಕೆಲಸಕ್ಕೆ ಇಳಿದವು.

ಅದನ್ನು ಮಾಡುವ ಕ್ರಮವನ್ನು ವಾಚಕರು ತಿಳಿದಿರುವುದು ಲೇಸು. ಆರೋಗ್ಯವಾದ ಕುದುರೆಗೆ ಹಾವಿನ ವಿಷವನ್ನು ಅದು ತಾಳಬಲ್ಲಷ್ಟೇ ಸೂಜಿಯಿಂದ ಕೊಡುತ್ತ, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಪ್ರಮಾಣವನ್ನು ಏರಿಸುವರು. ಪ್ರತಿವಿಷವು ಸಾಕಷ್ಟು ಬೆಳೆದ ಮೇಲೆ ರಕ್ತವನ್ನು ತೆಗೆದು, ಕೆಂಪು ಕಣಗಳನ್ನು ಕುದುರೆಗೇ ಹಿಂದಕ್ಕೆ ಕೊಟ್ಟು, ಪ್ಲಾಸ್ಮಾ ಎಂಬ ತಿಳಿಯಾದ ರಸವನ್ನು ಮಾತ್ರ ಇಟ್ಟುಕೊಳ್ಳುವರು. ಆ ರಸವನ್ನು ಹಾಗೆಯೇ ಮನುಷ್ಯನಿಗೆ ಚುಚ್ಚಿದರೆ ಅನರ್ಥವಾದೀತು. ಕುದುರೆಯ ವಸ್ತುವು ನಮ್ಮ ಮೈಗೆ ಪರಕೀಯವಷ್ಟೆ. ಪ್ರತಿವಿಷದ ಕಣಕ್ಕೆ ಎರಡು ತೋಳುಗಳೂ ಒಂದು ಕಾಂಡವೂ ಉಂಟು. ವಿಷವನ್ನು ಹಿಡಿಯತಕ್ಕದ್ದು ತೋಳು. ಕಾಂಡವು ತೊಂದರೆಗೆ ಕಾರಣ. ಆದುದರಿಂದ ಪೆಪ್ಸಿನ್ ಎಂಬ ಜೀರ್ಣರಸದಿಂದ ಕಾಂಡವನ್ನು ಕಡಿದುಹಾಕಿ, ಬೇಡದ ಪದಾರ್ಥಗಳನ್ನು ಗರಣೆ ಕಟ್ಟಿಸಿ ಬೇರ್ಪಡಿಸಿ, ಉಳಿದುದನ್ನು ಸೋಸಿ, ಸಾಂದ್ರವಾಗಿಸಿ, ಕ್ರಿಮಿರಹಿತವಾಗಿ ಮಾಡಿ, ಶೀತದಲ್ಲಿ ಒಣಗಿಸಿ ಪುಡಿಯ ರೂಪದಲ್ಲಿ ಸೀಸೆಗೆ ತುಂಬುವರು. ಇಷ್ಟು ಶುದ್ಧಿ ಮಾಡಿದರೂ ಕೆಲವರಿಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವುದುಂಟು. ಅದಕ್ಕಾಗಿಯೇ ಅಡ್ರಿನಲಿನ್ ಸಿದ್ಧವಾಗಿಟ್ಟುಕೊಂಡಿರುವ ವೈದ್ಯರ ಎದುರಿನಲ್ಲಿಯೇ ಇದನ್ನು ಕೊಡಬೇಕು.

ಈ ಮದ್ದಿನ ಲೆಕ್ಕವು ಬಹು ಕಟ್ಟುನಿಟ್ಟಾದುದು. ನಮ್ಮ ದೇಶದ ಸೀಸೆಯಲ್ಲಿ 10 ಮಿಲಿಲೀಟರು ಮದ್ದಾಗುತ್ತದೆ. ಒಂದೊಂದು ಮಿಲಿಲೀಟರು 0.6 ಮಿಲಿಗ್ರಾಮು ಕೊಳಕುಮಂಡಲದ ವಿಷವನ್ನು ಅಡಗಿಸತಕ್ಕದ್ದೆಂಬುದು ನಿಯಮ. ಆ ಹಾವು ಒಂದು ಕಡಿತದಲ್ಲಿ ಇಳಿಸುವ ವಿಷ ಸರಾಸರಿ 63 ಮಿಲಿಗ್ರಾಮೆಂದು ವೈದ್ಯರ ಎಣಿಕೆ. 10 ಸೀಸೆಗಳಿಗೆ 60 ಮಿಲಿಗ್ರಾಮಾಯಿತು. ಎಂಟು ಹತ್ತು ಸೀಸೆಗಳಿಂದ ಚಿಕಿತ್ಸೆಯನ್ನು ಆರಂಭಿಸುವುದು ಈ ಲೆಕ್ಕದ ಮೇಲೆಯೇ. ತಾಲ್ಲೂಕು ಆಸ್ಪತ್ರೆಯ ಬೀರುವಿನಲ್ಲಿ ಎರಡೇ ಸೀಸೆ ಇಟ್ಟು ದಾಸ್ತಾನು ಉಂಟೆಂದು ಕಾಗದದಲ್ಲಿ ಬರೆಯುವುದು ಇಲ್ಲವೆಂದು ಬರೆದುದಕ್ಕಿಂತ ಹೇಗೆ ಮೇಲೆಂಬುದನ್ನು ಅಧಿಕಾರಿವರ್ಗದವರು ಯೋಚಿಸಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುವೆವು. ಕುದುರೆಗೆ ಯಾವ ಹಾವಿನ ವಿಷವನ್ನು ಕೊಟ್ಟರೋ ಆ ಹಾವಿಗೆ ಮಾತ್ರ ಮದ್ದು ಸರಿಯಾಗಿ ಹುಟ್ಟುತ್ತದೆ. ಭಾರತದ ಮದ್ದು ನಾಲ್ಕು ಹಾವುಗಳಿಗಾಗಿ ಮಾಡಿದುದು: ನಾಗರ ಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಅದಕ್ಕೆ ಬೇಕಾದ ವಿಷದ ಹೆಚ್ಚಿನ ಪಾಲು ಬಂದುದು ಚೆನ್ನೈಯ ಬಳಿ 1978ರಲ್ಲಿ ಸ್ಥಾಪಿತವಾದ ಇರುಳರ ಸಹಕಾರ ಸಂಘದಿಂದ. ಹಾವು ಹಿಡಿಯುವ ಕುಲವಿದ್ಯೆಯನ್ನೇ ಪ್ರಾಣ ಉಳಿಸುವ ಉದ್ಯೋಗವನ್ನಾಗಿ ಮಾಡಿಕೊಂಡ ಆ ಜನರು ದೇಶದ ಕೃತಜ್ಞತೆಗೆ ಪಾತ್ರರು. ಆದರೆ ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುವುದೆಂದೂ, ನಾಲ್ಕರ ಹೊರಗಿನ ಹಾವುಗಳಿಗೆ ಈ ಮದ್ದು ಸಾಲದೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮೊದಲಾದವರು 2019ರಲ್ಲಿಯೇ ಪ್ರಕಟಿಸಿರುವರು.

ನಮ್ಮ ಮಲೆನಾಡಿನ ಸ್ಥಿತಿಯನ್ನು ನೋಡಿರಿ. ತೋಟದ ಒಣ ಎಲೆಗಳ ನಡುವೆ ಮುದುಡಿ ಮಲಗುವ, ಮೂತಿಯ ತುದಿ ಮೇಲಕ್ಕೆದ್ದಿರುವ ಒಂದು ಗಿಡ್ಡ ಮಂಡಲದ ಹಾವುಂಟು. ಅದು ಕಚ್ಚಿದರೆ ಕೆಲವರ ಮೂತ್ರಪಿಂಡಗಳು ಕೆಡುತ್ತವೆ. ಈ ಮದ್ದು ಅದಕ್ಕೆ ತಾಗದು. ಆಗುಂಬೆಯ ಕಾಳಿಂಗ ಸರ್ಪವು ಕಚ್ಚುವುದು ವಿರಳ, ಕಚ್ಚಿದರೆ ಅದಕ್ಕೂ ಈ ಮದ್ದಿಲ್ಲ. ಥಾಯ್ಲೆಂಡಿನವರು ತಮ್ಮ ದೇಶದ ಕಾಳಿಂಗನ ವಿಷಕ್ಕೆ ಬೇರೆಯೇ ಮದ್ದು ಮಾಡಿಕೊಂಡಿರುವರು. ಪಶ್ಚಿಮಘಟ್ಟದ ಕಾಳಿಂಗವು ಪ್ರತ್ಯೇಕ ಜಾತಿಯೆಂದು 2024ರಲ್ಲಿ ಶಾಸ್ತ್ರಜ್ಞರು ನಿರ್ಣಯಿಸಿ, ಕನ್ನಡದ ಶಬ್ದವನ್ನೇ ಅದರ ಶಾಸ್ತ್ರೀಯ ನಾಮದಲ್ಲಿ ಸೇರಿಸಿದರು. ಲೋಕಕ್ಕೆ ಹೆಸರು ಕೊಟ್ಟ ನಾಡು ತನ್ನ ಜನಕ್ಕೆ ಮದ್ದು ಕೊಡಲಾರದೆ?

ಸರ್ಕಾರದವರು ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2024ರಲ್ಲಿ ಹಾವಿನ ಕಡಿತವನ್ನು ವರದಿ ಮಾಡಲೇಬೇಕಾದ ವ್ಯಾಧಿಗಳ ಸಾಲಿಗೆ ಕರ್ನಾಟಕವು ಸೇರಿಸಿತು. ಅದೇ ವರ್ಷ ಕೇಂದ್ರ ಸರ್ಕಾರದವರು, 2030ರೊಳಗೆ ಈ ಮರಣಗಳನ್ನು ಅರ್ಧಕ್ಕೆ ಇಳಿಸುವ ಸಂಕಲ್ಪದ ಯೋಜನೆಯೊಂದನ್ನು ಹೊರಡಿಸಿದರು. ಎಣಿಕೆಯು ಮೊದಲ ಮೆಟ್ಟಿಲು. ಎಣಿಸಿದ ಮಾತ್ರಕ್ಕೆ ಯಾರೂ ಬದುಕುವುದಿಲ್ಲ. ಅರಣ್ಯ, ಆರೋಗ್ಯ ಇಲಾಖೆಗಳು ಕೂಡಿ ಮಲೆನಾಡಿನಲ್ಲಿಯೇ ಇಲ್ಲಿಯ ಹಾವುಗಳ ವಿಷವನ್ನು ಕಾನೂನಿನಂತೆ ಸಂಗ್ರಹಿಸತಕ್ಕದ್ದು. ಆ ವಿಷದಿಂದ ಇಲ್ಲಿಗೆ ತಕ್ಕ ಮದ್ದನ್ನು ಮಾಡಿಸತಕ್ಕದ್ದು. ಅದು ಕೈಗೂಡುವ ವರೆಗೆ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಈಗಿನ ಮದ್ದು ಕೊರತೆಯಾಗದಂತೆ ನೋಡತಕ್ಕದ್ದು. 1923ರಲ್ಲಿ ಭದ್ರಾವತಿಯ ಕಾಡಿನಂಚಿನಲ್ಲಿ ಕಬ್ಬಿಣ ಕರಗಿಸಿದ ನಾಡಿಗೆ, ಅಡಕೆಗೆ ಸಹಕಾರ ಸಂಘ ಕಟ್ಟಿ ನಡೆಸಿದ ಜಿಲ್ಲೆಗೆ, ಇದು ಅಸಾಧ್ಯವಾದ ಕೆಲಸವೆಂದು ನಾವು ಒಪ್ಪಲಾರೆವು.

ಜನರಿಗೂ ಒಂದು ಮಾತು ಬಿನ್ನವಿಸುವೆವು. ಕಚ್ಚಿದ ಜಾಗವನ್ನು ಕುಯ್ಯಬೇಡಿರಿ, ಬಿಗಿಯಾಗಿ ಕಟ್ಟಬೇಡಿರಿ, ಮಂತ್ರವಾದಿಯ ಬಾಗಿಲಿನಲ್ಲಿ ಹೊತ್ತು ಕಳೆಯಬೇಡಿರಿ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ನೆಟ್ಟಗೆ ಆಸ್ಪತ್ರೆಗೆ ಒಯ್ಯಿರಿ. ತೀರ್ಥಹಳ್ಳಿಯಿಂದ ಶಿವಮೊಗ್ಗೆಗೆ ಸುಮಾರು 60 ಕಿಲೋಮೀಟರು. ಮಳೆಗಾಲದ ರಾತ್ರಿಯಲ್ಲಿ ಅದು ಎಷ್ಟು ದೂರವೆಂಬುದನ್ನು ಹೋದವರೇ ಬಲ್ಲರು. ಆ ದಾರಿಯ ಕೊನೆಯಲ್ಲಿ ತಕ್ಕ ಮದ್ದು ಕಾದಿರುವಂತೆ ಮಾಡುವುದು ನಮ್ಮೆಲ್ಲರ ಹೊಣೆ.