ಹತ್ತು ಮೀಟರ್, ಹತ್ತು ಉತ್ತರ

ಪುಣೆಯ ಗಣೇಶೋತ್ಸವದಲ್ಲಿ ಢೋಲ್-ತಾಶಾ ಸದ್ದು ಅಳೆಯಲು ಹವ್ಯಾಸಕ್ಕೊಂದು ಡೆಸಿಬಲ್ ಮೀಟರ್ ಮಾಡಿದ್ದೆ. ಇಎಸ್‌ಪಿ32 ಬೋರ್ಡ್, ಪುಟ್ಟ ಮೈಕ್, ನನ್ನದೇ ಕೋಡ್. ಪಕ್ಕದ ಮನೆಯ ಕಾಕಾ, ‘ದುಡ್ಡು ಕೊಡ್ತೀನಿ, ನಮಗೂ ಮಾಡಿಕೊಡು’ ಎಂದರು. ಸೊಸೈಟಿಯಿಂದ ಹತ್ತು ಆರ್ಡರ್ ಬಂತು.

ಹತ್ತನ್ನೂ ಮೇಜಿನ ಮೇಲಿಟ್ಟರೆ ಒಂದೇ ಸದ್ದಿಗೆ ಮೂರು ಡೆಸಿಬಲ್‌ವರೆಗೆ ವ್ಯತ್ಯಾಸ! ಅಂದರೆ ಶಬ್ದಶಕ್ತಿ ದುಪ್ಪಟ್ಟು. ವಸತಿ ಪ್ರದೇಶದ ರಾತ್ರಿ ಮಿತಿ 45 ಡೆಸಿಬಲ್. ನನ್ನ ಮೀಟರ್ ನಂಬಿ ಯಾರಾದರೂ ಠಾಣೆ ಮೆಟ್ಟಿಲೇರಿದರೆ?

1000 ಹರ್ಟ್ಸ್‌ನಲ್ಲಿ 94 ಡೆಸಿಬಲ್ ಸದ್ದು ಕೊಡುವ ಕ್ಯಾಲಿಬ್ರೇಟರ್ ಕೊಂಡೆ. ಹತ್ತೂ ಮೀಟರ್‌ಗಿಂತ ಅದೇ ದುಬಾರಿ. ಉಳಿದ ಕಂಪನಾಂಕಗಳಿಗೆ ಐಇಸಿ 61672 ಮಾನದಂಡದ ಪರೀಕ್ಷೆ ಬಾಕಿ ಇದೆ. ಹವ್ಯಾಸಕ್ಕೆ ನನ್ನ ತೃಪ್ತಿ ಸಾಕಿತ್ತು. ಬಿಲ್ ಬರೆಯಲು ಸಾಲದು. ಕಾಕಾಗೆ ‘ಮುಂದಿನ ಗಣಪತಿಗೆ’ ಎಂದಿದ್ದೇನೆ.