ಕಿರಿದಾದ ಬಾಗಿಲು, ದಣಿಯುವ ಹೃದಯ

"ವಯಸ್ಸಾಯಿತಲ್ಲಪ್ಪ, ಇನ್ನೇನು." ಲಂಡನ್ನಿನ ನಮ್ಮ ಮನೆಗಳಲ್ಲಿ ಈ ಮಾತನ್ನು ಕೇಳದವರು ಯಾರು? ಹೋದ ವರ್ಷ ಹ್ಯಾರೋ ಬೆಟ್ಟದ ಏರನ್ನು ಮಾತಾಡುತ್ತಲೇ ಹತ್ತಿದ್ದ ಹಿರಿಯರು ಈ ವರ್ಷ ಅರ್ಧದಲ್ಲಿ ನಿಂತು, ಯಾರದೋ ಮನೆಯ ಗುಲಾಬಿ ಗಿಡವನ್ನು ಬಹಳ ಹೊತ್ತು ಮೆಚ್ಚಿಕೊಳ್ಳುತ್ತಾರೆ. ಮಹಡಿಯ ಮೇಲಿನ ದೇವರ ಕೋಣೆಗೆ ದಿನಕ್ಕೆ ನಾಲ್ಕು ಸಲ ಹತ್ತಿಳಿಯುತ್ತಿದ್ದ ಅಜ್ಜಿ ಈಗ ದೇವರನ್ನೇ ಕೆಳಗಿನ ಕೋಣೆಗೆ ಬರಮಾಡಿಕೊಂಡಿದ್ದಾರೆ. "ಏನಾದರೂ ತೊಂದರೆಯೇ?" ಎಂದರೆ "ಏನೂ ಇಲ್ಲ" ಎಂಬ ಉತ್ತರ. ಅದು ಸುಳ್ಳೂ ಅಲ್ಲ. ತೊಂದರೆ ಕೊಡುವ ಕೆಲಸವನ್ನೆಲ್ಲ ಬಿಟ್ಟುಬಿಟ್ಟರೆ ತೊಂದರೆ ಎಲ್ಲಿಂದ ಬಂದೀತು?

ಹೀಗೆ ಸದ್ದಿಲ್ಲದೆ ಬಿಟ್ಟ ಕೆಲಸಗಳ ಹಿಂದೆ ಕೆಲವೊಮ್ಮೆ ಬರೀ ಮುಪ್ಪಲ್ಲ, ಒಂದು ಕಾಯಿಲೆಯೇ ಇರುತ್ತದೆ. ವೈದ್ಯರು ಅದನ್ನು ಅಯೋರ್ಟಿಕ್ ಸ್ಟೆನೋಸಿಸ್ ಎನ್ನುತ್ತಾರೆ. ನಾವು ಮಹಾಪಧಮನಿ ಕವಾಟದ ಸಂಕೋಚ ಎನ್ನೋಣ. ಹೃದಯದ ಎಡ ಹೃತ್ಕುಕ್ಷಿಯಿಂದ ರಕ್ತ ಮೈಗೆಲ್ಲ ಹೊರಡುವ ಬಾಗಿಲಿನಲ್ಲಿ ಮೂರು ತೆಳುವಾದ ಎಸಳುಗಳ ಒಂದು ಕವಾಟ ಇದೆ. ಪೂರ್ತಿ ತೆರೆದಾಗ ಅದರ ಹರವು ಸುಮಾರು 3ರಿಂದ 4 ಚದರ ಸೆಂಟಿಮೀಟರು. ವರ್ಷಗಳು ಕಳೆದಂತೆ ಕೆಲವರಲ್ಲಿ ಈ ಎಸಳುಗಳ ಮೇಲೆ ಕ್ಯಾಲ್ಸಿಯಂ ಕೂತು ಅವು ಗಡುಸಾಗುತ್ತವೆ. ಲಂಡನ್ನಿನ ನೀರು ಕಾಯಿಸಿ ಕಾಯಿಸಿ ನಮ್ಮ ಕೆಟಲಿನ ತಳದಲ್ಲಿ ಬಿಳಿಯ ಪದರ ಕಟ್ಟುವುದಿಲ್ಲವೆ, ನೋಡಲು ಹೆಚ್ಚು ಕಡಿಮೆ ಹಾಗೆಯೇ. (ಈ ಊರಿನ ಗಡಸು ನೀರಿಗೂ ಈ ಕಾಯಿಲೆಗೂ ಸಂಬಂಧವಿಲ್ಲ, ಹೋಲಿಕೆ ಕೆಟಲಿಗೇ ಮುಗಿಯಿತು.) ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳಿರುವವರು ನೂರಕ್ಕೆ ಒಬ್ಬಿಬ್ಬರು, ಅವರಿಗೆ ಇದು ಬೇಗ ಬರುತ್ತದೆ. ಚಿಕ್ಕಂದಿನಲ್ಲಿ ಊರಲ್ಲಿ ಕೀಲುನೋವಿನ ಜ್ವರ, ಅಂದರೆ ರುಮ್ಯಾಟಿಕ್ ಜ್ವರ, ಬಂದುಹೋದವರಲ್ಲಿಯೂ ಕವಾಟ ಕೆಡುವುದುಂಟು. ಬಾಗಿಲು 1 ಚದರ ಸೆಂಟಿಮೀಟರಿಗಿಂತ ಕಿರಿದಾದರೆ ಕಾಯಿಲೆ ತೀವ್ರ ಎಂದು ಲೆಕ್ಕ.

ಇಷ್ಟು ಕೇಳಿದವರು ಇದು ಬಾಗಿಲಿನ ಕಾಯಿಲೆ ಎಂದುಕೊಳ್ಳುತ್ತಾರೆ. ಬಾಗಿಲಿನದೇ ನಿಜ, ಆದರೆ ರೋಗಿಯ ಹಣೆಬರಹ ಬರೆಯುವುದು ಬಾಗಿಲಲ್ಲ, ಅದರ ಹಿಂದೆ ನಿಂತು ತಳ್ಳುವ ಸ್ನಾಯು. ಈ ಲೇಖನದ ವಿಷಯ ಅದೇ.

ಲೆಕ್ಕ ಸುಲಭ. ತೋಳಿಗೆ ಪಟ್ಟಿ ಕಟ್ಟಿ ನೋಡಿದಾಗ ರಕ್ತದೊತ್ತಡ 120 ಎಂದಿಟ್ಟುಕೊಳ್ಳಿ. ಕಿರಿದಾದ ಬಾಗಿಲಿನಲ್ಲಿ 60ರಷ್ಟು ಒತ್ತಡ ನಷ್ಟವಾಗುತ್ತಿದ್ದರೆ, ಒಳಗೆ ಸ್ನಾಯು 180ರ ಒತ್ತಡ ಹುಟ್ಟಿಸಲೇಬೇಕು. ತೋಳಿನ ಪಟ್ಟಿಗೆ ಇದು ಕಾಣುವುದೇ ಇಲ್ಲ. "ಬಿ.ಪಿ. ನಾರ್ಮಲ್" ಎಂದು ಮನೆಯವರು ಸಂತೋಷಪಡುತ್ತಾರೆ. ಒಳಗೆ ಹೃದಯ ದಿನಕ್ಕೆ ಲಕ್ಷ ಸಲ ಈ ಹೊರೆಯನ್ನು ಎತ್ತುತ್ತಿರುತ್ತದೆ.

ಈ ಹೊರೆಯ ನಿಜವಾದ ಬೆಲೆಯನ್ನು ಮೊದಲು ಅಳೆದ ಕೆಲಸಗಳಲ್ಲೊಂದು ನಡೆದದ್ದು ಇಲ್ಲೇ, ಗೋವರ್ ಸ್ಟ್ರೀಟಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಅರ್ನೆಸ್ಟ್ ಸ್ಟಾರ್ಲಿಂಗರ ಪ್ರಯೋಗಶಾಲೆಯಲ್ಲಿ ಲೊವಾಟ್ ಇವಾನ್ಸ್ ಮತ್ತು ಜಪಾನಿನಿಂದ ಬಂದಿದ್ದ ಮತ್ಸುವೋಕಾ ಎಂಬಿಬ್ಬರು, ಹೃದಯ ಮಾಡುವ ಕೆಲಸ ಎಷ್ಟು, ಅದಕ್ಕೆ ಸುಡುವ ಆಮ್ಲಜನಕ ಎಷ್ಟು ಎಂದು ತೂಗಿ ನೋಡಿ 1915ರಲ್ಲಿ ಪ್ರಕಟಿಸಿದರು. ತೋರಿಬಂದದ್ದು ಇದು: ಅಷ್ಟೇ ಕೆಲಸವನ್ನು ಹೆಚ್ಚು ರಕ್ತ ಹರಿಸಿ ಮಾಡಿದರೆ ಹೃದಯಕ್ಕೆ ಖರ್ಚು ಕಡಿಮೆ, ಹೆಚ್ಚು ಒತ್ತಡ ಹುಟ್ಟಿಸಿ ಮಾಡಿದರೆ ಖರ್ಚು ಬಹಳ ಹೆಚ್ಚು. ಇದು ನಮಗೆ ಅನುಭವದಲ್ಲಿ ಗೊತ್ತಿರುವುದೇ. ಅರ್ಧ ಕೊಡ ಹೊತ್ತು ಬಾವಿಯಿಂದ ಮನೆಗೆ ಹತ್ತು ಸಲ ಓಡಾಡಬಹುದು. ತುಂಬಿದ ಕೊಡವನ್ನು ತೋಳು ಚಾಚಿ ಹಿಡಿದು ಸುಮ್ಮನೆ ನಿಂತು ನೋಡಿ! ಕೆಲಸ ಸೊನ್ನೆ, ತೋಳು ಮಾತ್ರ ನಡುಗುತ್ತದೆ. ಆರೋಗ್ಯವಂತ ಹೃದಯವೂ ತಾನು ಸುಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ರಕ್ತ ತಳ್ಳುವ ಕೆಲಸಕ್ಕೆ ತಿರುಗಿಸುತ್ತದೆ, ಉಳಿದದ್ದು ಶಾಖ. ಈ ಅನುಪಾತವೇ ಹೃದಯಸ್ನಾಯುವಿನ ದಕ್ಷತೆ.

ಕವಾಟ ಕಿರಿದಾದಾಗ ಸ್ನಾಯು ಜಾಣತನ ತೋರಿಸುತ್ತದೆ, ದಪ್ಪವಾಗುತ್ತದೆ. ಹೊರೆ ಹಂಚಿಹೋಗುವುದರಿಂದ ಪ್ರತಿಯೊಂದು ಎಳೆಯ ಮೇಲಿನ ಭಾರ ಹದವಾಗಿ ಉಳಿಯುತ್ತದೆ. ವರ್ಷಗಟ್ಟಲೆ ರೋಗಿಗೆ ಏನೂ ಅನಿಸುವುದಿಲ್ಲ. ಆದರೆ ಈ ಸಾಲಕ್ಕೆ ಬಡ್ಡಿ ಇದೆ. ಹೃದಯದ ಗೋಡೆಗೆ ರಕ್ತ ಹರಿಯುವುದು ಬಹುಪಾಲು ಅದು ಸಡಿಲವಾಗಿರುವ ಹೊತ್ತಿನಲ್ಲಿ. ದಪ್ಪನಾದ ಗೋಡೆ ಸಡಿಲವಾಗಲು ತಡಮಾಡುತ್ತದೆ, ಸಣ್ಣ ರಕ್ತನಾಳಗಳು ಅದರ ಬೆಳವಣಿಗೆಗೆ ಸಮವಾಗಿ ಬೆಳೆಯುವುದಿಲ್ಲ, ಬೇಡಿಕೆಯೋ ಏರುತ್ತಲೇ ಇರುತ್ತದೆ. ಕೊನೆಗೆ ಅಲ್ಲೊಂದು ಇಲ್ಲೊಂದು ಸ್ನಾಯುಕೋಶ ಸತ್ತು ಆ ಜಾಗದಲ್ಲಿ ನಾರು ತುಂಬಿಕೊಳ್ಳುತ್ತದೆ. ಗಾಯ ಮಾಸಿದ ಕಲೆ ಇದ್ದಂತೆ. ಕವಾಟ ಬದಲಿಸಿದ ಮೇಲೆ ಸ್ನಾಯುವಿನ ದಪ್ಪ ಇಳಿಯುತ್ತದೆ, ಈ ಕಲೆ ಮಾತ್ರ ಹೋಗುವುದಿಲ್ಲ. ಚೆಲ್ಸಿಯ ಬಳಿಯ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ 143 ರೋಗಿಗಳ ಎಂ.ಆರ್. ಚಿತ್ರ ತೆಗೆದು ಮಾಡಿದ ಅಧ್ಯಯನ 2011ರಲ್ಲಿ ಹೊರಬಂತು. ಗೋಡೆಯ ನಡುವೆ ನಾರಿನ ಕಲೆ ಇದ್ದವರಲ್ಲಿ ಸಾವಿನ ಪ್ರಮಾಣ ಇಲ್ಲದವರಿಗಿಂತ ಎಂಟು ಪಟ್ಟು. ಕವಾಟ ಕಿರಿದಾದ ಮಟ್ಟ ಮಾತ್ರ ಎರಡೂ ಗುಂಪಿನಲ್ಲಿ ಒಂದೇ ಬಗೆ! ಬಾಗಿಲನ್ನು ಮಾತ್ರ ಅಳೆದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ದಕ್ಷತೆಯನ್ನೇ ನೇರವಾಗಿ ಅಳೆಯಲೂ ಈಗ ಬರುತ್ತದೆ. ವಿಕಿರಣಶೀಲ ಇಂಗಾಲ ಸೇರಿಸಿದ ಅಸಿಟೇಟನ್ನು ರಕ್ತಕ್ಕೆ ಬಿಟ್ಟು, ಸ್ನಾಯು ಅದನ್ನು ಎಷ್ಟು ಬೇಗ ಸುಡುತ್ತದೆಂದು ಪೆಟ್ ಯಂತ್ರದಲ್ಲಿ ನೋಡುತ್ತಾರೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 2017ರಲ್ಲಿ ಹೀಗೆ ನೋಡಿದಾಗ, ಹೃದಯದ ಹಿಂಡುವ ಶಕ್ತಿ ಚೆನ್ನಾಗಿರುವತನಕ ದಕ್ಷತೆಯೂ ಉಳಿದುಕೊಂಡಿತ್ತು. ಆ ಶಕ್ತಿ ಕುಂದಿದವರಲ್ಲಿ ದಕ್ಷತೆ ಬಿದ್ದಿತ್ತು. ಆಮ್‌ಸ್ಟರ್‌ಡಾಮಿನ 2015ರ ಅಧ್ಯಯನ ಸಮಾಧಾನದ್ದು: ಕವಾಟ ಬದಲಿಸಿದ ಮೇಲೆ ದಕ್ಷತೆ ಸುಧಾರಿಸುತ್ತದೆ, ರೋಗಿ ಮತ್ತೆ ಎಷ್ಟು ನಡೆಯಬಲ್ಲ ಎಂಬುದು ಅದರೊಂದಿಗೆ ಹೆಣೆದುಕೊಂಡಿದೆ. ಇವು ಸಂಶೋಧಕರ ಪರೀಕ್ಷೆಗಳು, ನಮ್ಮ ಜಿ.ಪಿ. ಬರೆದುಕೊಡುವಂಥವಲ್ಲ.

ಇನ್ನು ಭವಿಷ್ಯದ ಮಾತು. ಲಂಡನ್ನಿನ ನ್ಯಾಷನಲ್ ಹಾರ್ಟ್ ಆಸ್ಪತ್ರೆಯ ಪಾಲ್ ವುಡ್ 1958ರಲ್ಲಿಯೇ ಈ ಕಾಯಿಲೆಯ ಬಗ್ಗೆ ದೊಡ್ಡ ಲೇಖನ ಬರೆದಿದ್ದರು. ಅಮೆರಿಕದ ಜಾನ್ ರಾಸ್ ಮತ್ತು ಯೂಜೀನ್ ಬ್ರಾನ್‌ವಾಲ್ಡ್ 1968ರಲ್ಲಿ ಬರೆದುಕೊಟ್ಟ ಲೆಕ್ಕವನ್ನಂತೂ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ, ಎದೆನೋವು ಶುರುವಾದ ಮೇಲೆ ಸರಾಸರಿ ಆಯುಸ್ಸು ಸುಮಾರು 5 ವರ್ಷ. ಶ್ರಮಪಟ್ಟಾಗ ಪ್ರಜ್ಞೆ ತಪ್ಪಿದ ಮೇಲೆ 3. ಹೃದಯ ಸೋತು ಉಸಿರು ಕಟ್ಟತೊಡಗಿದ ಮೇಲೆ 2. ವರ್ಷಾನುಗಟ್ಟಲೆ ಸಮತಟ್ಟಾಗಿ ಬಂದ ದಾರಿ ಇದ್ದಕ್ಕಿದ್ದಂತೆ ಕಡಿದಾಗಿ ಇಳಿಯುತ್ತದೆ. ಆದ್ದರಿಂದಲೇ ಮೊದಲ ಲಕ್ಷಣಕ್ಕೆ ಇಷ್ಟು ಬೆಲೆ. ಆದ್ದರಿಂದಲೇ ಗುಲಾಬಿ ಗಿಡದ ಮುಂದೆ ನಿಂತ ಹಿರಿಯರ ಬಗ್ಗೆ ನನಗೆ ಚಿಂತೆ.

ರಾಸ್ ಎಂದರೆ ಇನ್ನೊಬ್ಬರೂ ಇದ್ದಾರೆ, ಗೊಂದಲ ಬೇಡ. ಗೈಸ್ ಆಸ್ಪತ್ರೆಯಲ್ಲಿ 1962ರಲ್ಲಿ, ಸತ್ತವರೊಬ್ಬರ ಕವಾಟವನ್ನು ರೋಗಿಯ ಮಹಾಪಧಮನಿ ಕವಾಟದ ಜಾಗದಲ್ಲೇ ಹೊಲಿದವರು ಡೊನಾಲ್ಡ್ ರಾಸ್. ರೋಗಿಯದೇ ಶ್ವಾಸಕೋಶದ ಕಡೆಯ ಕವಾಟವನ್ನು ಎತ್ತಿ ಇಲ್ಲಿಗೆ ಜೋಡಿಸುವ ಶಸ್ತ್ರಕ್ರಿಯೆಯನ್ನು 1967ರಲ್ಲಿ ಆರಂಭಿಸಿದವರೂ ಅವರೇ. ಎದೆ ತೆರೆಯದೆ, ತೊಡೆಯ ಸಂದಿಯ ರಕ್ತನಾಳದಿಂದ ಮಡಿಸಿದ ಕವಾಟವನ್ನು ತೂರಿಸಿ ಬಿಡಿಸುವ ಟಾವಿ ವಿಧಾನವನ್ನು ಮನುಷ್ಯರಲ್ಲಿ ಮೊದಲು ಮಾಡಿದ್ದು ಫ್ರಾನ್ಸಿನ ರುವಾಂ ನಗರದಲ್ಲಿ ಅಲೈನ್ ಕ್ರಿಬಿಯೆ, 2002ರಲ್ಲಿ. ಶಸ್ತ್ರಕ್ರಿಯೆ ತಡೆಯಲಾರದಷ್ಟು ಬಳಲಿದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದೊಳಗೆ ತೀರಿಕೊಂಡವರು ಸಾಧಾರಣ ಚಿಕಿತ್ಸೆಯಲ್ಲಿ ನೂರಕ್ಕೆ 50.7, ಟಾವಿಯಲ್ಲಿ 30.7. ಎಂಬತ್ತು ದಾಟಿತು, ಇನ್ನು ಏನೂ ಮಾಡುವುದು ಬೇಡ ಎಂಬ ಮಾತು ಆಗಿನಿಂದ ಹಳತಾಯಿತು. ಗುಳಿಗೆಯಿಂದ ಕವಾಟ ಅಗಲವಾಗುವುದಿಲ್ಲ. ಕೊಲೆಸ್ಟರಾಲಿನ ಸ್ಟಾಟಿನ್ ಕೂಡ ಈ ಸಂಕೋಚವನ್ನು ನಿಲ್ಲಿಸಲಿಲ್ಲ.

ವರದಿ ಕೈಗೆ ಬಂದವರಿಗೆ ಒಂದು ಎಚ್ಚರಿಕೆ. ತೋಟದ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿದರೆ ನೀರು ರಭಸದಿಂದ ಚಿಮ್ಮುತ್ತದಲ್ಲ, ಎಕೋ ಪರೀಕ್ಷೆಯಲ್ಲಿ ಅಳೆಯುವುದು ಆ ರಭಸವನ್ನೇ. ಸೆಕೆಂಡಿಗೆ 4 ಮೀಟರು ಮುಟ್ಟಿದರೆ ತೀವ್ರ. ಆದರೆ ನಲ್ಲಿಯಲ್ಲೇ ನೀರು ಸಣ್ಣಗಾದರೆ? ಬೆರಳು ಅಷ್ಟೇ ಬಿಗಿಯಾಗಿದ್ದರೂ ಚಿಮ್ಮುವುದು ನಿಲ್ಲುತ್ತದೆ. ಸ್ನಾಯು ಸೋತಾಗ ಆಗುವುದೂ ಇದೇ. ರಭಸದ ಅಂಕಿ ಇಳಿಯುತ್ತದೆ, ಎದೆಗೆ ಕಿವಿಗೊಟ್ಟಾಗ ಕೇಳುವ ಗರಗರ ಸದ್ದೂ ಮೆತ್ತಗಾಗುತ್ತದೆ, "ಹೋದ ಸಲಕ್ಕಿಂತ ಕಡಿಮೆ ಇದೆ" ಎಂದು ಮನೆಯಲ್ಲಿ ಪಾಯಸ ಮಾಡುತ್ತಾರೆ. ಇಂಥಲ್ಲಿ ಡೊಬ್ಯುಟಮಿನ್ ಎಂಬ ಔಷಧ ಕೊಟ್ಟು ಹೃದಯವನ್ನು ಕೊಂಚ ಹುರಿದುಂಬಿಸಿ ಮತ್ತೆ ಅಳೆಯಬೇಕಾಗುತ್ತದೆ. ಹಿಂಡುವ ಶಕ್ತಿಯ ಅಂಕಿಯೂ, ದಪ್ಪ ಗೋಡೆಯ ಸಣ್ಣ ಕೋಣೆಯಲ್ಲಿ, ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಲಕ್ಷಣವಿಲ್ಲದವರಿಗೆ ಯಾವಾಗ? ಇಲ್ಲಿ ವೈದ್ಯರಲ್ಲೇ ವಾದವಿದೆ. ಇಂಗ್ಲೆಂಡಿನ ನೈಸ್ ಸಂಸ್ಥೆಯ 2021ರ ಸೂಚನೆಯಂತೆ, ರಭಸ 5 ಮೀಟರು ದಾಟಿದರೆ, ಹಿಂಡುವ ಶಕ್ತಿ ನೂರಕ್ಕೆ 55ಕ್ಕಿಂತ ಇಳಿದರೆ, ಬಿ.ಎನ್.ಪಿ. ಎಂಬ ರಕ್ತಪರೀಕ್ಷೆ ಮಿತಿಯ ಎರಡು ಪಟ್ಟು ಮೀರಿದರೆ, ಇಲ್ಲವೆ ವ್ಯಾಯಾಮ ಮಾಡಿಸಿದಾಗ ಅಡಗಿದ್ದ ಲಕ್ಷಣ ಹೊರಬಿದ್ದರೆ, ಕಾಯದೆ ಚಿಕಿತ್ಸೆಗೆ ಕಳಿಸುವುದನ್ನು ಯೋಚಿಸಬೇಕು. 2024ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ 901 ಜನರ ಪರೀಕ್ಷೆಯಲ್ಲಿ ಬೇಗ ಟಾವಿ ಮಾಡಿಸಿಕೊಂಡವರು ಆಸ್ಪತ್ರೆ ಸೇರಿದ್ದು ಕಡಿಮೆ. ಸಾವಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಕಾದು ನೋಡಿದವರಲ್ಲಿ ನೂರಕ್ಕೆ 87 ಮಂದಿಗೆ ಕೆಲವೇ ವರ್ಷಗಳಲ್ಲಿ ಕವಾಟ ಹಾಕಲೇಬೇಕಾಯಿತು. ಅದೇ ವರ್ಷ ಬ್ರಿಟನ್-ಆಸ್ಟ್ರೇಲಿಯಗಳಲ್ಲಿ ನಾರಿನ ಕಲೆ ಇದ್ದ 224 ಜನರ ಮೇಲೆ ನಡೆದ ಇನ್ನೊಂದು ಪರೀಕ್ಷೆ ಮಾತ್ರ ಖಚಿತ ಉತ್ತರ ಕೊಡಲಿಲ್ಲ. ಕಲೆ ಬಿದ್ದ ಮೇಲೆ ಆತುರಪಟ್ಟರೆ ಅಷ್ಟು ಉಪಯೋಗವಿಲ್ಲವೇನೋ, ಎಂಬುದು ನನ್ನ ಸ್ವಂತ ಅನುಮಾನ.

ಬಳಕೆಯ ಒಂದೆರಡು ಮಾತು. ಊರಿನಿಂದ ಬಂದವರ ಚೀಲದಲ್ಲಿ ಸಾರ್ಬಿಟ್ರೇಟ್ ಇದ್ದೇ ಇರುತ್ತದೆ. ಕವಾಟ ತೀವ್ರವಾಗಿ ಕಿರಿದಾಗಿದ್ದರೆ ಅದನ್ನು ನಾಲಗೆಯಡಿ ಇಟ್ಟಾಗ ರಕ್ತದೊತ್ತಡ ಕುಸಿದು ಬೀಳುವ ಭಯವಿದೆ. ವೈದ್ಯರನ್ನು ಕೇಳದೆ ಬೇಡ. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ 999. ಭೇಟಿ ವೀಸಾದಲ್ಲಿ ಬಂದ ತಂದೆತಾಯಿಯರನ್ನೂ ಇಂಗ್ಲೆಂಡಿನ ಜಿ.ಪಿ. ಹಣ ಕೇಳದೆ ನೋಡುತ್ತಾರೆ. ಸ್ಟೆತೊಸ್ಕೋಪು ಎದೆಯ ಮೇಲಿಟ್ಟರೆ ಕುತ್ತಿಗೆಯವರೆಗೆ ಹರಿಯುವ ಸದ್ದು ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಆಸ್ಪತ್ರೆಯ ಚಿಕಿತ್ಸೆ ಮಾತ್ರ ಅವರಿಗೆ ಉಚಿತವಲ್ಲ. ಕಾಯಿಲೆ ಇದೆಯೆಂದು ಇಲ್ಲಿ ತಿಳಿದರೆ, ಬೆಂಗಳೂರಿನ ಜಯದೇವ ಸಂಸ್ಥೆಯಂಥ ಕಡೆ ಮುಂದುವರಿಸಲು ವರದಿಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಎರಡೆಸಳಿನ ಕವಾಟ ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ನೋಡಿಸುವುದು ಒಳ್ಳೆಯದು.

ಮುಖ್ಯವಾಗಿ, ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿ. "ಉಸಿರು ಕಟ್ಟುತ್ತದೆಯೇ ಅಮ್ಮ?" ಎಂದರೆ "ಇಲ್ಲ" ಎನ್ನುತ್ತಾರೆ. "ಹೋದ ದೀಪಾವಳಿಯಲ್ಲಿ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ?" ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕ್ಲಿನಿಕ್ಕಿನಲ್ಲಿ ಮಗನೇ ದುಭಾಷಿಯಾದರೆ ಅಮ್ಮ ಮೂರು ನಿಮಿಷ ಹೇಳಿದ್ದು ಇಂಗ್ಲಿಷಿನಲ್ಲಿ "ಷಿ ಈಸ್ ಫೈನ್, ಜಸ್ಟ್ ಏಜ್" ಎಂದಾಗಿಬಿಡುತ್ತದೆ. ಆಸ್ಪತ್ರೆಯವರನ್ನು ಮುಂಚೆಯೇ ಕೇಳಿದರೆ ಕನ್ನಡದ ದುಭಾಷಿಯನ್ನು ಫೋನಿನಲ್ಲಾದರೂ ಒದಗಿಸಲು ನೋಡುತ್ತಾರೆ. ಮಗ ಪಕ್ಕದಲ್ಲಿ ಕೂತು, ಆ ಚೀಟಿಯನ್ನು ಕೊಟ್ಟರೆ ಸಾಕು.