ಕಳಸದಿಂದ ರಾತ್ರಿ ಬಸ್ಸು, ಬೆಳಗ್ಗೆ ಆಡಿಷನ್

ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯ ಹುಡುಗ ಹುಡುಗಿಯರ ವಿಚಾರ ಮಾತಾಡೋಣ.

ಟಿವಿಯಲ್ಲಿ ಹಾಡಿನ ರಿಯಾಲಿಟಿ ಶೋ ಆಡಿಷನ್ ಅಂತ ಸ್ಕ್ರಾಲ್ ಓಡುತ್ತೆ. ತೋಟದ ಲೈನ್ ಮನೆಯಲ್ಲಿ ಕೂತ ಹುಡುಗಿ ಅದನ್ನ ನೋಡ್ತಾಳೆ. ಅಪ್ಪನಿಗೆ ಹಣ್ಣು ಕೊಯ್ಯೋ ಕೆಲಸ, ಒಂದು ದಿನ ತಪ್ಪಿಸಿದರೆ ಆ ದಿನದ ಕೂಲಿ ಇಲ್ಲ. ಆದರೂ ಅಪ್ಪ-ಮಗಳು ರಾತ್ರಿ ಬಸ್ಸು ಹತ್ತುತ್ತಾರೆ. ತಿರುವಿನ ರಸ್ತೆ, ನಿದ್ದೆ ಇಲ್ಲ. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ನೇರ ಕ್ಯೂಗೆ. ಮಧ್ಯಾಹ್ನ ಮೂರಕ್ಕೆ ಹೆಸರು ಕರೆಯುವಷ್ಟರಲ್ಲಿ ಗಂಟಲು ಕಟ್ಟಿರುತ್ತೆ. ಒಂದೇ ನಿಮಿಷ, "ಆಯ್ತಮ್ಮಾ, ಥ್ಯಾಂಕ್ಯೂ." ಮುಗೀತು! ಅಲ್ಲಿ ಸೋತಿದ್ದು ಪ್ರತಿಭೆಯಾ? ಅಲ್ಲ ಸ್ವಾಮಿ, ತಯಾರಿ.

ಎಂಜಿನಿಯರಿಂಗ್ ಓದಿ ಈ ಕುರ್ಚಿಗೆ ಬಂದವನು ನಾನು. ಮೊದಲ ಸ್ಕ್ರೀನ್ ಟೆಸ್ಟ್‌ಗೆ ಒಂದು ಪುಟ ಸುದ್ದಿ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಅವರು ಕೊಟ್ಟಿದ್ದು ಬೇರೆ ಪುಟ. ಎರಡನೇ ಸಾಲಿಗೇ ಬಾಯಿ ಒಣಗಿತು. ಬಾಯಿಪಾಠ ಬೇರೆ, ಅಭ್ಯಾಸ ಬೇರೆ ಅಂತ ಅವತ್ತು ಗೊತ್ತಾಯ್ತು.

ಹಾಗಾದರೆ ಅಭ್ಯಾಸ ಹೇಗೆ? ಒಂದು ಹಳೇ ಪದ್ಧತಿ ನೋಡಿ. ಕಳಸದ ಮಗ್ಗುಲಲ್ಲಿ ಹರಿಯುವ ಭದ್ರೆಯ ಹೆಸರನ್ನೇ ಹೊತ್ತ ಭದ್ರಾವತಿಯಲ್ಲಿ 1965ರಿಂದ ಆಕಾಶವಾಣಿ ಕೇಂದ್ರ ಇದೆ. ಬಿ.ವಿ. ಕೇಸ್ಕರ್ ಕೇಂದ್ರ ಸಚಿವರಾಗಿದ್ದ 1950ರ ದಶಕದಲ್ಲಿ ಆಕಾಶವಾಣಿ ಸಂಗೀತಗಾರರಿಗೆ ಆಡಿಷನ್ ಪದ್ಧತಿ ತಂದಿತು. ಅದರ ವಿಶೇಷ ಏನು ಗೊತ್ತಾ? ತೀರ್ಪು ಕೊಡುವವರಿಗೆ ಹಾಡುವವರ ಮುಖ ಕಾಣಲ್ಲ, ಹೆಸರೂ ಗೊತ್ತಿರಲ್ಲ. ಯಾರ ಮಗಳು, ಯಾವ ಬಟ್ಟೆ ಹಾಕಿದ್ದಾಳೆ, ಯಾವುದೂ ಲೆಕ್ಕಕ್ಕಿಲ್ಲ. ದನಿ ಮಾತ್ರ. ಪಾಸಾದವರಿಗೆ ಬಿ, ಬಿ-ಹೈ, ಎ, ಟಾಪ್ ಅಂತ ದರ್ಜೆ.

ಮನೆಯಲ್ಲೂ ಹೀಗೇ ಮಾಡಿ. ಮೊಬೈಲಲ್ಲಿ ಹಾಡು ರೆಕಾರ್ಡ್ ಮಾಡಿ, ಯಾರ ದನಿ ಅಂತ ಹೇಳದೆ ಸಂಗೀತ ಬಲ್ಲವರಿಗೆ ಕೇಳಿಸಿ. ಅಮ್ಮ ಹೇಳುವ "ಚೆನ್ನಾಗಿದೆ" ಪ್ರೀತಿ, ತೀರ್ಪಲ್ಲ.

ಇನ್ನು ಕೆಲಸದ ಮಾತು. ಒಂದಲ್ಲ, ಬೇರೆ ಬೇರೆ ಬಗೆಯ ಎರಡು ಮೂರು ಹಾಡು ಸಿದ್ಧ ಇರಲಿ. ಶ್ರುತಿ ನಿಮ್ಮದಾಗಿರಲಿ, ಸಿನಿಮಾದಲ್ಲಿ ಹಾಡಿದವರದ್ದಲ್ಲ. ಸಿಗೋದು ಒಂದೆರಡು ನಿಮಿಷ, ಉದ್ದ ಆಲಾಪ ಬೇಡ. ನಟನೆಗೆ ಹೋಗುವವರು ಕಾಗದ ಕೈಗೆ ಬಂದ ಕೂಡಲೇ ಅಭಿನಯ ಶುರು ಮಾಡಬೇಡಿ. ಮೊದಲ ಓದು ಅರ್ಥಕ್ಕೆ, ಎರಡನೆಯದು ಉಸಿರು ಎಲ್ಲಿ ತಗೋಬೇಕು ಅನ್ನೋದಕ್ಕೆ, ಮೂರನೆಯದು ಗಟ್ಟಿ ದನಿಯಲ್ಲಿ. ನಿರ್ದೇಶಕರು "ಇದನ್ನೇ ಸಿಟ್ಟಿಲ್ಲದೆ ಹೇಳು" ಅಂದರೆ ಕುಗ್ಗಬೇಡಿ, ಅದು ಬೈಗುಳ ಅಲ್ಲ. ಹೇಳಿದ್ದು ಕೇಳಿಸಿಕೊಂಡು ಬದಲಾಯಿಸ್ತೀರಾ ಅಂತ ನೋಡ್ತಾರೆ. ಮಲೆನಾಡಿನ ಮಾತಿಗೆ ನಾಚಿಕೆ ಯಾಕೆ? ಬೆಂಗಳೂರಿನ ದನಿ ಅನುಕರಿಸಿದರೆ ಎರಡೂ ಕೆಡುತ್ತೆ. ಸಾಧ್ಯವಾದರೆ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಮಲಗಿ. ನಿದ್ದೆಯೂ ತಯಾರಿಯೇ.

ರಂಗಭೂಮಿ ಬೇಕು ಅನ್ನೋರಿಗೆ ಬೆಂಗಳೂರೇ ಬೇಕಾ? ಸಾಗರದ ಪಕ್ಕ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಕಟ್ಟಿದ ನೀನಾಸಂ ಇದೆ. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯ್ತು. ಹಳ್ಳಿಯಲ್ಲಿ ಕೂತೇ ನಾಡಿಗೆ ನಟರನ್ನ ಕೊಟ್ಟ ಜಾಗ ಅದು.

ಕೊನೆಗೆ ಅಪ್ಪ ಅಮ್ಮಂದಿರಿಗೆ ಒಂದು ಮಾತು. "ನಿಮ್ಮ ಮಗಳು ಸೆಲೆಕ್ಟ್ ಆಗಿದ್ದಾಳೆ, ಪೋರ್ಟ್‌ಫೋಲಿಯೋಗೆ ಇಷ್ಟು ಸಾವಿರ ಹಾಕಿ" ಅಂತ ಫೋನ್ ಬಂದರೆ ಅದು ಆಡಿಷನ್ ಅಲ್ಲ, ಮೋಸ. ಸರ್ಕಾರಿ ಸಂಸ್ಥೆಯ ಅರ್ಜಿ ಶುಲ್ಕಕ್ಕೆ ರಸೀದಿ ಇರುತ್ತೆ, ಪಾತ್ರ ಕೊಡಿಸ್ತೀನಿ ಅನ್ನೋನ ಹತ್ತಿರ ಅದೂ ಇರಲ್ಲ. ಹೋಟೆಲ್ ರೂಮಿಗೆ ಒಬ್ಬಳೇ ಬಾ ಅಂದರೆ ಹೋಗಲೇಬೇಡಿ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೋಟದವರಿಗೆ ನಾನೇನು ಹೇಳೋದು? ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತೆ. ಮೊಗ್ಗು ಮಾತ್ರ ಮಳೆಗಿಂತ ಎಷ್ಟೋ ಮೊದಲೇ ಗಿಡದಲ್ಲಿ ಕಾದಿರುತ್ತೆ. ಆಯ್ಕೆ ನಮ್ಮ ಕೈಯಲ್ಲಿಲ್ಲ. ಮೊಗ್ಗು ಕಟ್ಟೋದು ನಮ್ಮ ಕೈಯಲ್ಲೇ ಇದೆ. ಈ ಸಲ ಆಗಲಿಲ್ಲವಾ? ಮನೆಗೆ ಬನ್ನಿ, ಏನು ತಪ್ಪಾಯ್ತು ಅಂತ ಅದೇ ರಾತ್ರಿ ಬರೆದಿಡಿ. ಮುಂದಿನ ಸಲದ ತಯಾರಿ ಅಲ್ಲಿಂದಲೇ ಶುರು.